ಬೀರೂರು ನರ, ಎಮ್ಮೆದೊಡ್ಡಿ ನರ

ತರೀಕೆರೆಯ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಕಡೂರಿನ ಬಸ್ಸು ಹೊರಡುತ್ತಿತ್ತು. ಕಿಟಕಿಯಿಂದ ಒಂದು ತೋಳು ಹೊರಗೆ ಚಾಚಿಕೊಂಡಿತ್ತು. ಕೆಳಗೆ ನಿಂತಿದ್ದ ಮುಕ್ತಿಯಾರ್ ಸಾಹೇಬರು ಆ ತೋಳನ್ನು ನೋಡಿ, "ಏನ್ ಸಾರ್, ಸಕ್ಕರೆ ಈಗ ಹೆಂಗಿದೆ?" ಎಂದು ಕೇಳಿದರು. ತೋಳು ಗಾಬರಿಯಿಂದ ಒಳಕ್ಕೆ ಹೋಯಿತು. ಅದರ ಜಾಗದಲ್ಲಿ ಒಂದು ಮುಖ ಬಂತು. ಮುಖ ನೋಡಿದ ಮೇಲೆ ಸಾಹೇಬರು, "ಕ್ಷಮಿಸಿ, ತಮ್ಮ ಗುರುತು ಸಿಗ್ಲಿಲ್ಲ" ಎಂದರು.

ಇದನ್ನು ನನಗೆ ಹೇಳಿದವರು ಮೂವರು. ಬಸ್ಸಿನ ಬಣ್ಣವನ್ನು ಮಾತ್ರ ಮೂವರೂ ಬೇರೆಬೇರೆ ಹೇಳಿದರು. ಉಳಿದದ್ದರಲ್ಲಿ ವ್ಯತ್ಯಾಸವಿಲ್ಲ.

ಮುಕ್ತಿಯಾರ್ ಅವರಿಗೆ ಈಗ ಅರವತ್ತೇಳು ವರ್ಷ. ಅದರಲ್ಲಿ ಮೂವತ್ತೈದು ವರ್ಷ ಅವರು ತರೀಕೆರೆಯಲ್ಲಿ ರಕ್ತಪರೀಕ್ಷೆಯ ಅಂಗಡಿ ಇಟ್ಟಿದ್ದರು. ಜನ ಅದನ್ನು ಅಂಗಡಿ ಎಂದೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ ಮಾತ್ರ 'ನ್ಯೂ ತರೀಕೆರೆ ಲ್ಯಾಬ್' ಎಂದಿತ್ತು. ಹಳೆಯ ತರೀಕೆರೆ ಲ್ಯಾಬ್ ಎಂಬುದು ಯಾವತ್ತೂ ಇರಲಿಲ್ಲ. ಯಾರಾದರೂ ಕೇಳಿದರೆ, "ಬೋರ್ಡ್ ಬರೆಯೋನು ನ್ಯೂ ಅಂತ ಹಾಕ್ಬಿಟ್ಟ. ಅಳಿಸು ಅನ್ನೋಕೆ ಸಂಕೋಚ ಆಯ್ತು" ಎನ್ನುತ್ತಿದ್ದರು.

ಈ ಸಂಕೋಚ ಅವರಿಗೆ ಮೊದಲಿನಿಂದಲೂ ಇತ್ತು. ಇಪ್ಪತ್ತೈದನೇ ವಯಸ್ಸಿನಲ್ಲಿ ಕಡೂರಿನ ಜವರಯ್ಯ ಎಂಬ ಹಿರಿಯ ಟೆಕ್ನಿಷಿಯನ್ ಬಳಿ ಕೆಲಸ ಕಲಿಯಲು ಹೋದರು. ಮೊದಲ ವಾರ ರೋಗಿಗಿಂತ ಹೆಚ್ಚಾಗಿ ಇವರೇ ನಡುಗುತ್ತಿದ್ದರು. ಆಗ ಜವರಯ್ಯ ಹೇಳಿದರಂತೆ: "ಮುಖ ನೋಡ್ಬೇಡ ಕಣೋ. ಮುಖ ಹೆದರಿರ್ತದೆ, ಅದನ್ನ ನೋಡಿ ನೀನೂ ಹೆದರ್ತೀಯ. ಕೈ ನೋಡು. ಕೈ ಪಾಪ, ಸುಮ್ನೆ ಬಿದ್ದಿರ್ತದೆ." ಮುಕ್ತಿಯಾರ್ ಅಂದಿನಿಂದ ಮುಖ ನೋಡುವುದನ್ನೇ ಬಿಟ್ಟರು.

ಕೆಲಸ ಕಲಿತ ಎರಡು ವರ್ಷವೂ ತರೀಕೆರೆಯಿಂದ ಕಡೂರಿಗೆ ದಿನವೂ ರೈಲಿನಲ್ಲಿ ಓಡಾಟ. ನಡುವೆ ಬೀರೂರು ಜಂಕ್ಷನ್. ಅಲ್ಲಿ ಹಳಿ ಎರಡಾಗಿ ಕವಲೊಡೆಯುವುದನ್ನು ಕಿಟಕಿಯಿಂದ ನೋಡುತ್ತಾ, ಮೊಣಕೈ ಒಳಗಿನ ನರವೂ ಹೀಗೇ ಒಡೆಯುತ್ತದಲ್ಲ ಎಂದು ಅವರಿಗೆ ಹೊಳೆಯಿತು. ಕವಲಿನ ನರಕ್ಕೆ 'ಬೀರೂರು' ಎಂದು ಹೆಸರಿಟ್ಟರು. ಘಾಟಿ ರಸ್ತೆಯಂತೆ ಸುತ್ತಿಕೊಂಡು ಹತ್ತುವ ನರ 'ಕೆಮ್ಮಣ್ಣುಗುಂಡಿ'. ಕಣ್ಣಿಗೆ ಏನೂ ಕಾಣದೆ, ಬೆರಳಿನಿಂದ ತಡವಿ ಹುಡುಕಬೇಕಾದ ನರ 'ಎಮ್ಮೆದೊಡ್ಡಿ'. ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ಮೇಯಲು ಬಿಟ್ಟ ಅಮೃತಮಹಲ್ ದನವನ್ನು ಸಂಜೆ ಹುಡುಕುವುದೂ ಹಾಗೆಯೇ ಎಂಬುದು ಅವರ ವಿವರಣೆ.

ಅಂಗಡಿ ತೆರೆದ ಮೇಲೆ ಸೂಜಿಯ ಕೆಲಸ ಸಲೀಸಾಯಿತು. ರಕ್ತದ ತಿಳಿ ಬೇರ್ಪಡಿಸಲು ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜ್ ಒಂದಿತ್ತು, ಆದ್ದರಿಂದ ಕರೆಂಟು ಹೋದರೂ ರಕ್ತ ಕೆಡುತ್ತಿರಲಿಲ್ಲ. ಕಷ್ಟವಾದದ್ದು ಹೆಸರು ಕೇಳುವುದು. ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಹಿರಿಯ ಹೆಂಗಸರ ಎದುರು ಕೂತು ನಿಮ್ಮ ಹೆಸರೇನು ಎಂದು ಕೇಳುವುದು ಇವರಿಂದ ಆಗುತ್ತಿರಲಿಲ್ಲ. ಗಂಡನ ಹೆಸರು ಕೇಳೋಣವೆಂದರೆ ಆ ಕಾಲದ ಹೆಂಗಸರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗಾಗಿ "ಯಾರ ಮನೆ?" ಎಂದಷ್ಟೇ ಕೇಳುತ್ತಿದ್ದರು. ಜೊತೆಗೆ ಬಂದವರು ಯಾರಾದರೂ ಹೇಳುತ್ತಿದ್ದರು. ಇವರು ಪುಸ್ತಕದಲ್ಲಿ ದಿನಾಂಕ, ಊರು, ಮನೆ ಬರೆದು, ಮುಂದೆ ಆ ಕೈಯ ನರದ ಚಿತ್ರ ಬಿಡಿಸಿ, ಬೀರೂರೋ ಎಮ್ಮೆದೊಡ್ಡಿಯೋ ಎಂದು ಕಾಣಿಸಿ, ಕೊನೆಗೆ ಪರೀಕ್ಷೆಯ ಅಂಕಿಗಳನ್ನು ಬರೆಯುತ್ತಿದ್ದರು. ಕೆಲವು ಸಾಲುಗಳ ತುದಿಯಲ್ಲಿ ಒಂದು ಸಣ್ಣ ಚುಕ್ಕಿ ಇರುತ್ತಿತ್ತು. ಅದೇನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗೆ ಇಪ್ಪತ್ತೇಳು ಪುಸ್ತಕಗಳಾದವು. ನಾನೇ ಎರಡು ಸಲ ಎಣಿಸಿದ್ದೇನೆ. ಪೇಟೆಗೆ ದೊಡ್ಡ ಮೆಷಿನ್ನುಗಳು ಬಂದು ಐದು ವರ್ಷದ ಹಿಂದೆ ಅಂಗಡಿ ಮುಚ್ಚಿದಾಗ, ಸಾಹೇಬರು ಸೆಂಟ್ರಿಫ್ಯೂಜನ್ನು ಯಾರಿಗೋ ಕೊಟ್ಟುಬಿಟ್ಟರು. ಪುಸ್ತಕಗಳನ್ನು ಕೊಡಲಿಲ್ಲ. ಮೂವತ್ತೈದು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಅವರಿಗೆ ತೋರಿಸಲು ಇದ್ದದ್ದು ಅವು ಮಾತ್ರ.

ಅವು ಇದ್ದದ್ದು ಮನೆಯ ಕಬ್ಬಿಣದ ಅಲ್ಮೇರಾದಲ್ಲಿ. ಆ ಅಲ್ಮೇರಾ ಅವರ ಹೆಂಡತಿ ಸೂಫಿಯಾ ತವರಿನಿಂದ ತಂದದ್ದು. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಸೂಫಿಯಾ ನಲವತ್ತು ಎನ್ನುತ್ತಾರೆ. ಅಷ್ಟೂ ವರ್ಷ ಅದರಲ್ಲಿ ಅವರ ಒಂದು ಸೀರೆಯನ್ನೂ ಇಡಲಾಗಿರಲಿಲ್ಲ. ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ನನ್ ಸೀರೆ ತಗಡಿನ ಟ್ರಂಕಲ್ಲಿ, ಊರೋರ ಸಕ್ಕರೆ ನನ್ ಅಲ್ಮೇರಾದಲ್ಲಿ," ಎಂದು ಸೂಫಿಯಾ ಕಳೆದ ವರ್ಷ ಒಂದು ಸೋಮವಾರ ಹೇಳಿದರು. "ಬರೋ ಶುಕ್ರವಾರ ರದ್ದಿಯೋನು ಬತ್ತಾನೆ. ಹೇಳಿ ಕಳಿಸಿದ್ದೀನಿ."

"ಅದು ರದ್ದಿ ಅಲ್ಲ."

"ಮತ್ತೇನು? ಓದೋರು ಯಾರಿದ್ದಾರೆ? ನಿಮಗೇ ಬೇಕಾಗಿಲ್ಲ."

ಮರುದಿನವೇ, ಮಂಗಳವಾರ, ಡಾಕ್ಟರ್ ಯಶೋದಾ ಮನೆ ಹುಡುಕಿಕೊಂಡು ಬಂದರು.

ಯಶೋದಾ ಒಂದು ಮೆಡಿಕಲ್ ಕಾಲೇಜಿನವರು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ತೊಂಬತ್ತೈದು ದಾಟಿದವರ ರಕ್ತ ಸಂಗ್ರಹಿಸುತ್ತಿದ್ದರು. ಅಷ್ಟು ವರ್ಷ ಬದುಕುವವರ ರಕ್ತದಲ್ಲಿ ಬೇರೆಯವರಿಗಿಂತ ಏನು ವ್ಯತ್ಯಾಸ ಇರುತ್ತದೆ ಎಂಬುದು ಅವರ ಅಧ್ಯಯನ. ಅವರಿಗಿದ್ದ ತೊಂದರೆಗಳು ಎರಡು. ಮೊದಲನೆಯದು ವಯಸ್ಸು. ಆಧಾರ್ ಕಾರ್ಡಿನ ಪ್ರಕಾರ ಈ ಭಾಗದ ಮುದುಕರೆಲ್ಲ ಜನವರಿ ಒಂದನೇ ತಾರೀಖೇ ಹುಟ್ಟಿದವರು. ಅದನ್ನು ತಮ್ಮಂದಿರ ಪಿಂಚಣಿ, ಹಳೇ ಖಾತೆ ಕಾಗದ ಎಲ್ಲ ನೋಡಿ ಹೇಗೋ ಸರಿಮಾಡಿಕೊಂಡಿದ್ದರು. ಎರಡನೆಯದಕ್ಕೆ ದಾರಿ ಇರಲಿಲ್ಲ.

"ಈಗಿನ ರಕ್ತ ಸಿಗುತ್ತೆ ಸರ್," ಎಂದು ಅವರು ಸಾಹೇಬರಿಗೆ ಹೇಳಿದರು. "ಆದ್ರೆ ಹೊರದೇಶದಲ್ಲಿ ನೋಡಿರೋ ಪ್ರಕಾರ, ನೂರು ಮುಟ್ಟೋರ ಸಕ್ಕರೆ, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಅರವತ್ತರಲ್ಲೇ ಒಂದು ಹದದಲ್ಲಿರುತ್ತೆ. ಇಲ್ಲೂ ಹಾಗೇನಾ ಅಂತ ಗೊತ್ತಾಗ್ಬೇಕಾದ್ರೆ ಮೂವತ್ತು ವರ್ಷದ ಹಿಂದಿನ ರಿಪೋರ್ಟ್ ಬೇಕು. ಕೇಳಿದ್ರೆ ಒಬ್ರು ಎಕ್ಸ್‌ರೇ ತಂದುಕೊಟ್ರು. ಇನ್ನೊಬ್ರು ಪಹಣಿ ತಂದ್ರು. ಅಮೃತಾಪುರದ ತಿಪ್ಪಮ್ಮಜ್ಜಿ ಮಾತ್ರ, 'ಸಾಬ್ರನ್ನ ಕೇಳಿ, ಅವ್ರು ಎಲ್ಲಾ ಬರಕೊಂಡವ್ರೆ' ಅಂದ್ರು."

ಸಾಹೇಬರು ಅಲ್ಮೇರಾ ತೆಗೆದರು. ಸೂಫಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಯಶೋದಾ ಒಂದು ಪುಸ್ತಕ ಬಿಡಿಸಿ ನಾಲ್ಕು ಪುಟ ತಿರುಗಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಸರ್, ಇದು ನಿಮ್ದೇನಾ, ಸ್ಟೇಷನ್ ಮಾಸ್ಟರ್‌ದಾ?"

ಸಾಹೇಬರು ಬೀರೂರು, ಕೆಮ್ಮಣ್ಣುಗುಂಡಿಗಳನ್ನು ವಿವರಿಸಿದರು. ನಂತರ ಏಳನೇ ಪುಸ್ತಕದಲ್ಲಿ ತಿಪ್ಪಮ್ಮನ ಮನೆಯನ್ನು ಹುಡುಕಿ ತೋರಿಸಿದರು. ಸಾವಿರದ ಒಂಬೈನೂರ ತೊಂಬತ್ತೊಂದು, ಅಮೃತಾಪುರ, ಚಿಕ್ಕಬೀರಪ್ಪನ ಮನೆ. ಚಿಕ್ಕಬೀರಪ್ಪ ತಿಪ್ಪಮ್ಮನ ಮಾವ. ಆದರೆ ಅಲ್ಲಿ ಆ ಮನೆಯ ಸಾಲುಗಳು ಎರಡಿದ್ದವು, ಒಂದೇ ದಿನ, ಒಂದರ ಕೆಳಗೊಂದು. ಮೊದಲನೆಯದು ಬೀರೂರು ನರ, ಸಕ್ಕರೆ ಎಂಬತ್ತೊಂದು. ಎರಡನೆಯದು ಎಮ್ಮೆದೊಡ್ಡಿ ನರ, ಸಕ್ಕರೆ ನೂರ ಎಪ್ಪತ್ತೆರಡು. ಅಂದು ಕೀಲುನೋವೆಂದು ತಿಪ್ಪಮ್ಮನೂ ಅವಳ ವಾರಗಿತ್ತಿ ಕರಿಯಮ್ಮನೂ ಒಟ್ಟಿಗೆ ಬಂದಿದ್ದರು. ಕರಿಯಮ್ಮ ಹೋಗಿ ಇಪ್ಪತ್ತು ವರ್ಷವಾಗಿದೆ. ತಿಪ್ಪಮ್ಮನಿಗೆ ಈಗ ತೊಂಬತ್ತೆಂಟು.

"ಎಂಬತ್ತೊಂದೇ ತಿಪ್ಪಮ್ಮಜ್ಜಿದು ಇರ್ಬೇಕು," ಎಂದರು ಯಶೋದಾ. "ಆದ್ರೆ ಇರ್ಬೇಕು ಅಂತ ಬರೆಯೋ ಹಾಗಿಲ್ಲ. ಹೆಸರಿಲ್ಲದ ರೆಕಾರ್ಡನ್ನ ಯಾರೂ ಒಪ್ಪಲ್ಲ ಸರ್."

"ಕೈ ನೋಡಿದ್ರೆ ಹೇಳ್ತೀನಿ," ಎಂದರು ಸಾಹೇಬರು.

"ಮೂವತ್ತು ವರ್ಷದ ಮೇಲೆ?"

"ನರ ಮನೆ ಬದಲಾಯಿಸಲ್ಲ ಮೇಡಂ."

ಬಾಗಿಲಿನಿಂದ ಸೂಫಿಯಾ ಮಾತಾಡಿದರು. "ಪರೀಕ್ಷೆ ಇಡಿ ಮೇಡಂ. ಒಂದು ಕೈ ತಪ್ಪಿದ್ರೂ ಶುಕ್ರವಾರ ಎಲ್ಲಾ ರದ್ದಿಗೆ. ತಪ್ಪದಿದ್ರೆ ಪುಸ್ತಕ ಇರ್ಲಿ, ನಾನು ಬಾಯಿಬಿಡಲ್ಲ."

ಬಾಯಿಬಿಡಲ್ಲ ಎಂಬುದನ್ನು ಸಾಹೇಬರು ನಂಬಲಿಲ್ಲ. ಆದರೂ ಒಪ್ಪಿದರು.

ಪರೀಕ್ಷೆ ನಡೆದದ್ದು ಗುರುವಾರ ಬೆಳಿಗ್ಗೆ, ಅಮೃತಾಪುರದ ತಿಪ್ಪಮ್ಮನ ಮನೆಯ ಪಡಸಾಲೆಯಲ್ಲಿ. ಸೂಫಿಯಾ ಸಾಹೇಬರಿಗಿಂತ ಮುಂಚಿನ ಬಸ್ಸಿಗೇ ಹೊರಟುಹೋಗಿದ್ದರು. ಅವರನ್ನು ಬರಹೇಳಿದವರು ಯಶೋದಾ. ಏಕೆಂದು ಸಾಹೇಬರಿಗೆ ಯಾರೂ ಹೇಳಿರಲಿಲ್ಲ.

ಎರಡು ಕಂಬಗಳ ನಡುವೆ ತಿಪ್ಪಮ್ಮನ ಹಳೆಯ ಸೀರೆ ಕಟ್ಟಿದರು. ಹಿಂದೆ ಹೆಂಗಸರು, ಮುಂದೆ ಸಾಹೇಬರು. ಸೀರೆಯ ಕೆಳಗಿನಿಂದ ಒಂದೊಂದು ಕೈ ಬರಬೇಕು. ಸಾಹೇಬರು ಮನೆ ಹೇಳಬೇಕು. ಬಳೆ ನೋಡಿ ಗುರುತು ಹಿಡಿದಾರೆಂದು, ಬಳೆ ತೆಗೆಯಿರಿ ಎಂದರು ಯಶೋದಾ. ಮುತ್ತೈದೆಯರು ಬಳೆ ತೆಗೆಯಲು ಒಪ್ಪಲಿಲ್ಲ. ಆದ್ದರಿಂದ ಮುಂಗೈಗೆಲ್ಲ ಟವೆಲ್ ಸುತ್ತಲಾಯಿತು. ಪುಸ್ತಕದ ಅಂಕಿ ಓದಿ ಹೇಳಲು ಎಲ್ಲರೂ ಒಪ್ಪಿಗೆ ಕೊಟ್ಟು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ್ದರು. ತಿಪ್ಪಮ್ಮನ ಮಗ ಬಸವರಾಜ ಮಾತ್ರ ಸೀರೆಯ ಈಚೆ, ಸಾಹೇಬರ ಪಕ್ಕದಲ್ಲಿ ಕೂತಿದ್ದ. ಅವನಿಗೂ ಎಪ್ಪತ್ತೆರಡು.

ಮೊದಲ ಕೈ ಬಂತು. ಸಾಹೇಬರು ಬಗ್ಗಿ ನೋಡಿ, ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು.

"ಬೀರೂರು. ಆದ್ರೆ ಒಂದು ಹಳಿ ದಪ್ಪ, ಒಂದು ಸಣ್ಣ. ಬಾವಿ ಪಕ್ಕದ ಮನೆ. ಹನ್ನೆರಡನೇ ಪುಸ್ತಕ."

ಯಶೋದಾ ಪುಸ್ತಕ ತೆಗೆದು ಚಿತ್ರ ನೋಡಿದರು. ಸರಿ ಇತ್ತು.

ಎರಡನೆಯ ಕೈ. "ಕೆಮ್ಮಣ್ಣುಗುಂಡಿ. ಹಿಟ್ಟಿನ ಗಿರಣಿ ಮನೆ. ನಾಲ್ಕು ಸಲ ಬಂದಿದ್ದಾರೆ. ಒಂದು ಸಲ ರಕ್ತ ನೋಡಿ ತಲೆ ತಿರುಗಿ ಬಿದ್ದಿದ್ರು."

"ಬಿದ್ದಿದ್ದು ನಾನಲ್ಲ ಕಣ್ರೀ, ನಮ್ಮೆಜಮಾನ್ರು," ಎಂದಿತು ಸೀರೆ.

"ಮಾತಾಡೋ ಹಾಗಿಲ್ಲಮ್ಮ," ಎಂದರು ಯಶೋದಾ.

"ಮತ್ತೆ ಸುಳ್ಳು ಹೇಳಿದ್ರೆ ಸುಮ್ನಿರ್ಲಾ?"

ಮೂರನೆಯ ಕೈ ಬಂತು. ಸಾಹೇಬರು ನೋಡಿದರು. ಒತ್ತಿ ನೋಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಇದು ಪುಸ್ತಕದಲ್ಲಿಲ್ಲ."

"ಸರಿಯಾಗಿ ನೋಡಿ ಸರ್. ಇಪ್ಪತ್ತೇಳು ಪುಸ್ತಕ ಇದೆ."

"ಇಲ್ಲ ಮೇಡಂ. ನಲವತ್ತು ವರ್ಷದಿಂದ ಕೇಳ್ತಾ ಇದ್ದೀನಿ, ಇವ್ರು ಕೊಟ್ಟಿಲ್ಲ."

ಕೈ ಸರಕ್ಕನೆ ಒಳಗೆ ಹೋಯಿತು. ಸೀರೆಯ ಹಿಂದೆ ಹೆಂಗಸರೆಲ್ಲ ನಕ್ಕರು. ಸುಮ್ಮನೆ ಬಾಯಿಗೆ ಬಂದ ಮನೆ ಹೇಳುವವನಾದರೆ ಈ ಕೈಗೂ ಒಂದು ಮನೆ ಹೇಳುತ್ತಾನೆ ಎಂದು ಯಶೋದಾ ಸೂಫಿಯಾರನ್ನು ಕರೆಸಿದ್ದರು. ಸೂಫಿಯಾ ಮಾತ್ರ ನಗಲಿಲ್ಲವಂತೆ. ಟವೆಲ್ ಬಿಚ್ಚುತ್ತಾ, "ಮೂವತ್ತೊಂಬತ್ತು" ಎಂದಷ್ಟೇ ಹೇಳಿದರು ಎಂದು ಪಕ್ಕದಲ್ಲಿದ್ದವರು ಹೇಳುತ್ತಾರೆ.

ಕೊನೆಗೆ ನಾಲ್ಕನೆಯ ಕೈ. ಚರ್ಮ ಸಡಿಲವಾಗಿ, ಒಣಗಿದ ಎಲೆಯ ಹಾಗೆ ಹಗುರವಾಗಿತ್ತು. ಇದು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಇಲ್ಲಿ ಕೇಳಿದ್ದು ಮನೆಯನ್ನಲ್ಲ, ಎರಡು ಸಾಲುಗಳಲ್ಲಿ ಯಾವುದು ಎಂಬುದನ್ನು. ಸಾಹೇಬರು ಕಣ್ಣು ಮುಚ್ಚಿ ಬೆರಳಿನಿಂದ ತಡವಿದರು. ಮೇಲೆ ಹೋದರು, ಕೆಳಗೆ ಬಂದರು, ಪಕ್ಕಕ್ಕೆ ಸರಿದರು. ಬಹಳ ಹೊತ್ತು ಹಿಡಿಯಿತು. ಯಶೋದಾ ಎಂಬತ್ತೊಂದರ ಸಾಲಿನ ಮೇಲೆ ಆಗಲೇ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಸಾಹೇಬರು ಅದನ್ನು ನೋಡಿದ್ದರು.

"ಎಮ್ಮೆದೊಡ್ಡಿ," ಎಂದರು ಸಾಹೇಬರು. "ನೂರ ಎಪ್ಪತ್ತೆರಡು ಇವ್ರದ್ದು."

ಮೊದಲು ಬಸವರಾಜ ಎದ್ದ.

"ಏನ್ ಸಾಬ್ರೇ ನೀವು? ನಮ್ಮವ್ವಂಗೆ ಸಕ್ಕರೆನಾ? ಹೋದ ತಿಂಗಳು ಈ ಮೇಡಮ್ಮೇ ನೋಡವ್ರೆ, ತೊಂಬತ್ತೂ ಇಲ್ಲ. ನೂರ ಎಪ್ಪತ್ತು ಇದ್ದಿದ್ರೆ ಇಷ್ಟು ವರ್ಷ ಗಟ್ಟಿಮುಟ್ಟಾಗಿ ಇರ್ತಿದ್ಲಾ?"

"ನೋಡಿ ಸರ್," ಎಂದರು ಯಶೋದಾ ನಿಧಾನವಾಗಿ, "ಇನ್ನೊಂದ್ಸಲ ನೋಡ್ತೀರಾ?"

"ನೋಡಿದ್ರೂ ಅದೇ ಮೇಡಂ."

"ಹಂಗಾದ್ರೆ ರದ್ದಿ," ಎಂದರು ಸೂಫಿಯಾ ಒಳಗಿನಿಂದ. ಆದರೆ ಆ ಮಾತಿನಲ್ಲಿ ಸೋಮವಾರದ ಜೋರು ಇರಲಿಲ್ಲ.

ಸಾಹೇಬರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬೀರೂರು ಎಂದುಬಿಟ್ಟಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು, ಪುಸ್ತಕಗಳೂ ಉಳಿಯುತ್ತಿದ್ದವು. ಅದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ.

ಪುಸ್ತಕ ಮುಚ್ಚಲು ಹೊರಟ ಯಶೋದಾ ಮತ್ತೆ ಆ ಸಾಲನ್ನು ನೋಡಿದರು. "ಇದೇನು ಸರ್, ಈ ನೂರ ಎಪ್ಪತ್ತೆರಡರ ಪಕ್ಕ ಒಂದು ಚುಕ್ಕಿ? ಎಂಬತ್ತೊಂದಕ್ಕೆ ಇಲ್ಲ."

"ಅದನ್ನ ಹೇಳೋ ಹಾಗಿಲ್ಲ ಮೇಡಂ."

"ಯಾಕೆ?"

"ಎದುರಿಗೇ ಇದ್ದಾರೆ."

"ಸರ್, ನಾಳೆ ಪುಸ್ತಕ ರದ್ದಿಗೆ ಹೋಗುತ್ತೆ. ಹೇಳಿ."

ಸಾಹೇಬರು ನೆಲ ನೋಡುತ್ತಾ ಹೇಳಿದರು. "ಬರೀ ಹೊಟ್ಟೇಲಿ ಬನ್ನಿ ಅಂದಿರ್ತೀನಿ. ಕೆಲವ್ರು ತಿಂದು ಬಂದಿರ್ತಾರೆ. ಆವತ್ತು ಇವ್ರ ಬೆರಳಿಗೆ ಬೆಲ್ಲ ಅಂಟಿತ್ತು. ಹಿರಿಯರು, ತಿಂದಿದ್ದೀರಾ ಅಂತ ಕೇಳೋಕೆ ಸಂಕೋಚ ಆಯ್ತು. ಅದಕ್ಕೆ ಚುಕ್ಕಿ ಇಟ್ಟೆ."

ಸೀರೆಯ ಹಿಂದೆ ಹಗ್ಗದ ಮಂಚವೊಂದು ಕಿರುಗುಟ್ಟಿತು. ಸೀರೆಯನ್ನು ಪಕ್ಕಕ್ಕೆ ಸರಿಸಿ ತಿಪ್ಪಮ್ಮ ಇಣುಕಿದರು. ಬಾಯಲ್ಲಿ ಹಲ್ಲಿರಲಿಲ್ಲ, ಆದರೆ ನಗು ಪೂರ್ತಿ ಇತ್ತು.

"ಬಾಳೆಹಣ್ಣಿನ ರಸಾಯನ ಕಣ್ರಪ್ಪ," ಎಂದರು ತಿಪ್ಪಮ್ಮ. "ಹಿಂದಿನ ದಿನ ನಂಟ್ರು ಬಂದಿದ್ರು, ಮಿಕ್ಕಿತ್ತು. ಬಸ್ಸಿಗೆ ಹೋಗೋಕೆ ಮುಂಚೆ ಒಂದು ಬಟ್ಟಲು ತಿಂದೆ. ರುಚಿಯಾಗಿತ್ತು, ಇನ್ನೊಂದು ಬಟ್ಟಲು ತಿಂದೆ."

"ಅವ್ವ, ಬರೀ ಹೊಟ್ಟೇಲಿ ಹೋಗ್ಬೇಕು ಅಂತ ನಾನೇ ಹೇಳಿದ್ದೆ," ಎಂದ ಬಸವರಾಜ.

"ಬರೀ ಹೊಟ್ಟೇಲೇ ಹೋಗಿದ್ದು ಕಣೋ. ಮುದ್ದೆ ಉಂಡಿರ್ಲಿಲ್ಲ. ಮುದ್ದೆ ಉಣ್ಣದೆ ಹೊಟ್ಟೆ ಎಲ್ಲಿ ತುಂಬ್ತದೆ?"

"ಕರಿಯಮ್ಮ ಚಿಕ್ಕವ್ವ?"

"ಅವಳು ಪಾಪ, ಉಗುಳೂ ನುಂಗದೆ ಬಂದ್ಳು. ಬಸ್ಸಲ್ಲೆಲ್ಲಾ ನನ್ನ ಬಯ್ಕೊಂಡೇ ಬಂದ್ಳು. ಡಾಕ್ಟ್ರು ಅವಳಿಗೆ ಏನೂ ಇಲ್ಲ ಅಂದ್ರು, ನಂಗೆ ಸಿಹಿ ಬಿಡು ಅಂದ್ರು."

"ಬಿಟ್ರಾ ಅಜ್ಜಿ?" ಎಂದು ಕೇಳಿದರು ಯಶೋದಾ.

"ಒಂದು ವಾರ ಬಿಟ್ಟೆ."

ಯಶೋದಾ ನಗಲಾರಂಭಿಸಿದರು, ಬಹಳ ಹೊತ್ತು ನಿಲ್ಲಿಸಲಾಗಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ತಮ್ಮ ಹಾಳೆಯಲ್ಲಿ ಬರೆದರು. ಸಕ್ಕರೆ ನೂರ ಎಪ್ಪತ್ತೆರಡು, ಪಕ್ಕದಲ್ಲಿ 'ಉಪವಾಸವಲ್ಲ'. ಕೆಳಗೆ ಕ್ರಿಯಾಟಿನಿನ್ ಸೊನ್ನೆ ಬಿಂದು ಎಂಟು, ಯೂರಿಕ್ ಆಸಿಡ್ ನಾಲ್ಕು ಬಿಂದು ಒಂದು. "ಸಕ್ಕರೆ ಲೆಕ್ಕಕ್ಕೆ ಬರಲ್ಲ. ಇವೆರಡು ರಸಾಯನಕ್ಕೆ ಅಷ್ಟು ಕೆಡಲ್ಲ, ಇವು ಸಾಕು," ಎಂದರು. ಆಮೇಲೆ ಸಾಹೇಬರನ್ನು ಕೇಳಿದರು: "ಇಪ್ಪತ್ತೇಳು ಪುಸ್ತಕದಲ್ಲಿ ಇಂಥ ಚುಕ್ಕಿ ಎಷ್ಟಿರ್ಬಹುದು ಸರ್?"

"ಮೂರು ಸಾಲಿಗೆ ಒಂದು ಇರ್ಬಹುದು ಮೇಡಂ."

"ನಮ್ಮ ಕಾಲೇಜಿನ ರೆಕಾರ್ಡಲ್ಲಿ ಒಂದೂ ಚುಕ್ಕಿ ಇಲ್ಲ," ಎಂದರು ಯಶೋದಾ. "ಹಾಗಂತ ನಮ್ಮಲ್ಲಿಗೆ ಬರೋರೆಲ್ಲ ಉಪವಾಸ ಬರ್ತಾರೆ ಅಂತ ಅಲ್ಲ."

ಶುಕ್ರವಾರ ರದ್ದಿಯವನು ಬಂದ. ಸೂಫಿಯಾ ಅವನಿಗೆ ಹಳೆಯ ಪತ್ರಿಕೆಗಳನ್ನು ಕೊಟ್ಟು ಕಳಿಸಿದರು. ಅದೇ ದಿನ ಮಧ್ಯಾಹ್ನ ಕಾಲೇಜಿನ ಜೀಪು ಬಂದು ಪುಸ್ತಕಗಳನ್ನು ಫೋಟೊ ತೆಗೆಯಲು ಒಯ್ಯಿತು. ಸಾಹೇಬರು ಚಾಲಕನಿಗೆ ಒಂದೊಂದಾಗಿ ಎಣಿಸಿ ಕೊಟ್ಟರು.

ಮೂರು ತಿಂಗಳ ಮೇಲೆ ಇಪ್ಪತ್ತೇಳೂ ಹಿಂದಿರುಗಿದವು. ಅಷ್ಟರಲ್ಲಿ ಅಲ್ಮೇರಾದ ತುಂಬ ಸೀರೆಗಳಿದ್ದವು. ಸೂಫಿಯಾ ಏನೂ ಹೇಳದೆ ಖಾಲಿಯಾಗಿದ್ದ ತಗಡಿನ ಟ್ರಂಕನ್ನು ಒರೆಸಿ, ಕೆಳಗೆ ಪೇಪರ್ ಹಾಸಿ, ಮುಂದಕ್ಕೆ ತಳ್ಳಿದರು. ಪುಸ್ತಕಗಳು ಅದರಲ್ಲಿ ಸರಿಯಾಗಿ ಹಿಡಿಸಿದವು. ಒಳಗಿಡುವ ಮುನ್ನ ಸಾಹೇಬರು ಏಳನೆಯ ಪುಸ್ತಕ ತೆಗೆದು, ಆ ಚುಕ್ಕಿಯ ಪಕ್ಕದಲ್ಲಿ ಅಂದಿನ ದಿನಾಂಕ ಹಾಕಿ, 'ಬಾಳೆಹಣ್ಣಿನ ರಸಾಯನ, ಎರಡು ಬಟ್ಟಲು' ಎಂದು ಸಣ್ಣ ಅಕ್ಷರದಲ್ಲಿ ಬರೆದರು.

ಬೀಗ ಹಾಕುವಾಗ ಸೂಫಿಯಾ ಕೇಳಿದರು. "ಆವತ್ತು ಮುಟ್ಟಿ ನೋಡದೇನೇ ನನ್ ಕೈ ಅಂತ ಹೆಂಗೆ ಹೇಳಿದ್ರಿ?"

"ಮುಟ್ಟೋದು ಗೊತ್ತಿಲ್ಲದಾಗ."

ಸೂಫಿಯಾ ಟ್ರಂಕಿನ ಮುಚ್ಚಳವನ್ನು ಇನ್ನೊಮ್ಮೆ ಒರೆಸಿದರು. ಆಮೇಲೆ, "ಆಯ್ತು, ನಾಳೆ ತಗೊಳ್ಳಿ ನನ್ ರಕ್ತಾನೂ. ಪುಸ್ತಕದಲ್ಲಿ ಬರಲಿ," ಎಂದರು.

"ಬರೀ ಹೊಟ್ಟೇಲಿರ್ಬೇಕು."

"ಗೊತ್ತು."

ಮಾರನೇ ಬೆಳಿಗ್ಗೆ ಸಾಹೇಬರು ಸೂಜಿ, ಹತ್ತಿ, ಹೊಸದಾಗಿ ತಂದ ಇಪ್ಪತ್ತೆಂಟನೇ ಪುಸ್ತಕ ಎಲ್ಲ ಜೋಡಿಸಿಕೊಂಡು ಕೂತರು. ಸೂಫಿಯಾ ಅಡುಗೆಮನೆಯಿಂದ ಬಂದು ಎದುರಿಗೆ ಕೂತರು.

"ಟೀ ಕುಡಿದ್ಬಿಟ್ಟೆ," ಎಂದರು.

ಅದಾಗಿ ಎಂಟು ತಿಂಗಳಾಯಿತು. ದಿನವೂ ಬೆಳಿಗ್ಗೆ ಸಾಹೇಬರು ಕೇಳುತ್ತಾರೆ, ದಿನವೂ ಟೀ ಮೊದಲೇ ಆಗಿರುತ್ತದೆ. ಇಪ್ಪತ್ತೆಂಟನೇ ಪುಸ್ತಕವನ್ನು ನಾನು ಬಿಡಿಸಿ ನೋಡಿದ್ದೇನೆ. ಮೊದಲ ಪುಟದಲ್ಲಿ ದಿನಾಂಕವಿಲ್ಲ, ಅಂಕಿಗಳಿಲ್ಲ. ಒಂದು ಕೈಯ ಚಿತ್ರವಿದೆ, ನರಗಳನ್ನು ಬಹಳ ಎಚ್ಚರಿಕೆಯಿಂದ ಬಿಡಿಸಿದ್ದಾರೆ. ಅದರ ತುದಿಯಲ್ಲಿ ಒಂದರ ಪಕ್ಕ ಒಂದರಂತೆ ಸಾಲಾಗಿ ಚುಕ್ಕಿಗಳಿವೆ.